ಹತ್ತು ಸಹಿಗಳ ಹೊಸ್ತಿಲು

ವಿಧಾನಸಭೆಗಾಗಲಿ ಲೋಕಸಭೆಗಾಗಲಿ ಸ್ಪರ್ಧಿಸುವವರು ನಾಮಪತ್ರದಲ್ಲಿ ಸೂಚಕರ ಸಹಿಯನ್ನು ಪಡೆದಿರಬೇಕೆಂಬುದು ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ವಿಧಿ. ಮಾನ್ಯತೆ ಪಡೆದ ಪಕ್ಷದ ಹುರಿಯಾಳಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರು ಬೇಕು. ಈ ಭೇದವು ಕಾಯ್ದೆಯೊಳಗೆ ಬಂದುದು ೧೯೯೬ರಲ್ಲಿ. ಅದರ ಹಿನ್ನೆಲೆಯಲ್ಲಿ ನಮ್ಮ ನಾಡಿನ ಸಂಗತಿಯೂ ಒಂದಿದೆ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಗಡಿವಿವಾದದ ಪ್ರತಿಭಟನೆಯಾಗಿ ಬಹುಮಂದಿ ನಾಮಪತ್ರ ಸಲ್ಲಿಸಿದ್ದರಿಂದ ಬೆಳಗಾವಿ ಕ್ಷೇತ್ರವೊಂದರಲ್ಲೇ ೪೫೬ ಅಭ್ಯರ್ಥಿಗಳಿದ್ದರು. ದೇಶದಲ್ಲಿ ಒಟ್ಟು ೧೩,೯೫೨ ಇದ್ದ ಅಭ್ಯರ್ಥಿಗಳ ಸಂಖ್ಯೆ, ಸೂಚಕರೂ ಠೇವಣಿಯೂ ಹೆಚ್ಚಿದ ಬಳಿಕ, ೧೯೯೮ರಲ್ಲಿ ೪,೭೫೦ಕ್ಕೆ ಇಳಿಯಿತು.

ಆದುದರಿಂದ ಬೇಲಿಯೇ ಬೇಡವೆನ್ನುವುದು ವಿವೇಕವಲ್ಲ. ಆದರೆ ಅದರ ಮುಳ್ಳು ಯಾರನ್ನು ಚುಚ್ಚುತ್ತದೆ? ಅಕ್ಷರ ಬಾರದ ಸೂಚಕನು ಚುನಾವಣಾಧಿಕಾರಿಯ ಅಥವಾ ಆಯೋಗವು ಗೊತ್ತುಮಾಡಿದ ಅಧಿಕಾರಿಯ ಸಮ್ಮುಖದಲ್ಲಿಯೇ ಹೆಬ್ಬೆಟ್ಟು ಒತ್ತಬೇಕು. ಸಂಡೂರಿನ ಗಣಿಯ ಕೂಲಿಗೆ, ಹಂಪಿಯ ಬಾಳೆತೋಟದ ಆಳಿಗೆ ಅದು ಒಂದು ದಿನದ ಸಂಬಳದ ಪ್ರಶ್ನೆ. ಇನ್ನೂ ದೊಡ್ಡದೊಂದುಂಟು: ಮತ ಗುಪ್ತ, ಸಹಿ ಬಹಿರಂಗ. ಅಭ್ಯರ್ಥಿಯ ವಿವರದೊಡನೆ ಸೂಚಕರ ವಿವರವೂ ಕಚೇರಿಯ ಗೋಡೆಗೆ ಬೀಳುತ್ತದೆ. ಧಣಿಯ ಹಂಗಿನಲ್ಲಿ ಬದುಕುವವನು ಮತವನ್ನು ಧೈರ್ಯದಿಂದ ಹಾಕಿಯಾನು, ಹೆಸರನ್ನು ಹೇಗೆ ಕೊಟ್ಟಾನು? ಹತ್ತನ್ನು ಮೂರು ನಾಲ್ಕಕ್ಕಿಳಿಸಿದರೆ ಬೆಳಗಾವಿಯ ಗದ್ದಲ ಮರುಕಳಿಸದು. ಅದನ್ನು ತಡೆಯಲು ಠೇವಣಿಯಿದೆ. ಹೆಬ್ಬೆಟ್ಟಿಗೆ ಸಾಕ್ಷಿಯಾಗುವ ಅಧಿಕಾರವನ್ನು ಗ್ರಾಮ ಪಂಚಾಯಿತಿಯ ಅಧಿಕಾರಿಗೆ ಕೊಡಲು ಕಾಯ್ದೆಯ ತಿದ್ದುಪಡಿಯೂ ಬೇಕಾಗದು, ಆಯೋಗದ ಆದೇಶ ಸಾಕೆಂದು ನನ್ನ ಎಣಿಕೆ.

ಇದರಲ್ಲಿ ನಮಗೇನು ಎಂದು ಓದುಗ ಬಂಧುಗಳು ಕೇಳಬಹುದು. ಕಂಪ್ಲಿ, ಸಂಡೂರು ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಅಲ್ಲಿ ನಮ್ಮ ಮಕ್ಕಳು ನಿಲ್ಲುವಂತಿಲ್ಲ. ಆದರೆ ಸೂಚಕನಿಗೆ ಜಾತಿಯ ನಿರ್ಬಂಧವಿಲ್ಲ. ಪಕ್ಷದ ಬಲವಿಲ್ಲದ ವಾಲ್ಮೀಕಿ ತರುಣನೊಬ್ಬ ಕಾಗದ ಹಿಡಿದು ನಮ್ಮ ಮನೆಯ ಕಟ್ಟೆಗೆ ಬಂದರೆ, ಯಾರ ಹಂಗೂ ಇಲ್ಲದ ನಾವೇ ಹಿಂದೆಗೆದರೆ ಅವನು ಇನ್ನಾರನ್ನು ಕೇಳಬೇಕು? ಕಾಯಕ ಯಾವುದೆಂದು ನೋಡದೆ ಎಲ್ಲರನ್ನೂ ಕುಳ್ಳಿರಿಸಿದ ಅನುಭವಮಂಟಪದ ಹೆಸರನ್ನು ವೇದಿಕೆಯ ಮೇಲೆ ನಾವು ಧಾರಾಳವಾಗಿಯೇ ಬಳಸುತ್ತೇವೆ. ಸಹಿ ಮಾಡಿದವನು ಮತವನ್ನೂ ಅವನಿಗೇ ಹಾಕಬೇಕೆಂಬ ನಿಯಮವೇನೂ ಇಲ್ಲ.

ಸಹಿಗೆ ಮೊದಲು ಮತದಾರರ ಪಟ್ಟಿಯ ಭಾಗಸಂಖ್ಯೆ, ಕ್ರಮಸಂಖ್ಯೆಗಳನ್ನು ಸರಿಯಾಗಿ ನೋಡಿಕೊಳ್ಳಬೇಕು. ಕಂಪ್ಲಿಯ ಅಭ್ಯರ್ಥಿಗೆ ಹೊಸಪೇಟೆಯ ಬೀಗರು ಎಷ್ಟೇ ಆಪ್ತರಾದರೂ ಸೂಚಕರಾಗಲಾರರು. ಅವರದು ವಿಜಯನಗರ ಕ್ಷೇತ್ರ. ಹತ್ತರಲ್ಲಿ ಒಂದು ಹೆಸರು ತಪ್ಪಿದರೂ ನಾಮಪತ್ರ ತಿರಸ್ಕೃತವಾಗಬಹುದು. ಒಬ್ಬ ಅಭ್ಯರ್ಥಿಯು ನಾಲ್ಕು ನಾಮಪತ್ರಗಳವರೆಗೆ ಸಲ್ಲಿಸಬಹುದಾದ್ದರಿಂದ, ಬೇರೆ ಹತ್ತು ಮಂದಿಯ ಸಹಿಯೊಡನೆ ಇನ್ನೊಂದನ್ನು ಕೊಟ್ಟಿರುವುದು ಕ್ಷೇಮ.