ಕ್ಯಾಪ್ಟನ್ ಸಾಹೇಬ್ರ, ಸೆಲ್ಯೂಟ್ ಬೇರೆ, ಓಟು ಬೇರೆ

(1/5)
ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಮಂದಿ ಸ್ವಲ್ಪ ನಿಂತು ಓದ್ರಿ. "ನಮ್ಮ ಕಡೀನೂ ಒಬ್ಬ ಮಿಲ್ಟ್ರಿ ಆಫೀಸರ್ ಇಲೆಕ್ಷನ್‌ಗೆ ನಿಲ್ಲಬೇಕು, ಎಲ್ಲಾ ನೆಟ್ಟಗಾಗ್ತದ" ಅನ್ನೋರು ಬಾಳ ಮಂದಿ ಅದಾರ. ಉದಾಹರಣೆಗೆ ದಕ್ಷಿಣ ಕನ್ನಡದ ಸಂಸದ ಕ್ಯಾಪ್ಟನ್ ಬ್ರಿಜೇಶ್ ಚೌಟರನ್ನ ತೋರಸ್ತಾರ. ಹಂಗಾದ್ರ ಆ ಉದಾಹರಣೇನ ಸರಿಯಾಗಿ ನೋಡೋಣ.

(2/5)
ಚೌಟ ಅವರು ಗೂರ್ಖಾ ರೈಫಲ್ಸ್‌ನಲ್ಲಿ ಇದ್ದವರು. ಅದಕ್ಕ ಗೌರವ ಅದ, ಎರಡು ಮಾತಿಲ್ಲ. ಆದರೆ ಸೈನ್ಯದಿಂದ ಸೀದಾ ಸಂಸತ್ತಿಗೆ ಹೋದವರಲ್ಲ. ಬಿಜೆಪಿ ರಾಜ್ಯ ಕಾರ್ಯದರ್ಶಿಯಾಗಿ ಪಕ್ಷದಾಗ ದುಡಿದರು, ಮಂಗಳೂರಿನಲ್ಲಿ ಕಂಬಳ ನಡೆಸಿ ಜನರ ನಡುವೆ ಇದ್ದರು. 2024ರಲ್ಲಿ 1,49,208 ಮತಗಳ ಅಂತರದಿಂದ ಗೆದ್ದರು. ಆ ಕ್ಷೇತ್ರ 1991ರಿಂದ ಬಿಜೆಪಿ ಕೈ ಬಿಟ್ಟಿಲ್ಲ. ಈಗ ಹೇಳ್ರಿ, ಗೆದ್ದದ್ದು ಹೆಸರಿನ ಮುಂದಿನ ಪದವಿಯೋ, ಪಕ್ಷದ ಬುಡವೋ?

(3/5)
ಬರೀ ಪದವಿ ಗೆಲ್ಲಿಸೋದಾದ್ರ ಕಾರ್ಯಪ್ಪನವರು ಸೋಲ್ತಿದ್ದಿಲ್ಲ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಮನುಷ್ಯ. 1971ರಲ್ಲಿ ಮುಂಬೈ ಈಶಾನ್ಯದಿಂದ ಲೋಕಸಭೆಗೆ ನಿಂತರು, ಜನ ಗೆಲ್ಲಿಸಲಿಲ್ಲ. 2009ರಲ್ಲಿ ಬೆಂಗಳೂರು ದಕ್ಷಿಣದಾಗ ಕ್ಯಾಪ್ಟನ್ ಗೋಪಿನಾಥ್ ನಿಂತರು. ಸೈನ್ಯದಾಗ ಇದ್ದವರು, ಏರ್ ಡೆಕ್ಕನ್ ಕಟ್ಟಿದವರು. ಅವರೂ ಸೋತರು. ಇದು ಸೈನ್ಯಕ್ಕೆ ಮಾಡಿದ ಅವಮಾನ ಏನ್ರಿ? ಅಲ್ಲ. ಮತದಾರ ಸೆಲ್ಯೂಟ್ ಹೊಡೆದ, ಓಟು ಮಾತ್ರ ತನ್ನ ಲೆಕ್ಕದಾಗ ಹಾಕಿದ. ಸೈನಿಕರ ಫೋಟೋ ಪ್ರಚಾರಕ್ಕೆ ಬಳಸಬೇಡ್ರಿ ಅಂತ ಚುನಾವಣಾ ಆಯೋಗ 2013ರಲ್ಲೇ ಪಕ್ಷಗಳಿಗೆ ಬರೆದಿತ್ತು, 2019ರಲ್ಲಿ ಮತ್ತೊಮ್ಮೆ ನೆನಪಿಸಿತು. ಯಾಕಂದ್ರ ಸೈನ್ಯ ಎಲ್ಲಾರದು, ಒಂದು ಪಕ್ಷದ್ದಲ್ಲ.

(4/5)
ಇನ್ನೊಂದು ಕಹಿ ಮಾತು. ವಿಜಯಪುರದಾಗ 1963ರಿಂದ ಸೈನಿಕ ಶಾಲೆ ಅದ, ಅಲ್ಲಿಂದ ಆಫೀಸರ್‌ಗಳಾಗಿ ಹೋದವರು ಅದಾರ. ಆದರೆ ನಮ್ಮ ಹಳ್ಳಿಗಳಿಂದ ಸಿಪಾಯಿಯಾಗಿ ಹೋಗಿ, ನಾಯಕ್, ಹವಾಲ್ದಾರ್, ಸುಬೇದಾರ್ ಆಗಿ ಬಂದವರೂ ಅದಾರಲ್ಲ? ಅವರೂ ಅದೇ ಗಡಿ ಕಾದವರು. ನಿವೃತ್ತ ಹವಾಲ್ದಾರ್ ಟಿಕೆಟ್ ಕೇಳಿದ್ರ ಯಾವ ಪಕ್ಷ ಕುರ್ಚಿ ಹಾಕ್ತದ? ದೇಶಸೇವೆ ಒಂದೇ ಅಂದ್ರ ಕ್ಯಾಪ್ಟನ್‌ಗೆ ಹಾರ, ಹವಾಲ್ದಾರ್‌ಗೆ ಬ್ಯಾಂಕಿನ ಬಾಗಿಲಾಗ ಸೆಕ್ಯೂರಿಟಿ ಕೆಲಸ ಯಾಕ? ಇವರು ಪೂಜೆ ಮಾಡ್ತಿರೋದು ಸೇವೆಯನ್ನಲ್ಲ, ಪದವಿಯನ್ನ.

(5/5)
ನಾಳೆ ಯಾವ ನಿವೃತ್ತ ಅಧಿಕಾರಿ ನಮ್ಮ ಮನಿ ಬಾಗಿಲಿಗೆ ಬಂದರೂ ಮೊದಲು ನೀರು ಕೊಡ್ರಿ, ಆಮ್ಯಾಲೆ ನೀರಿನ ಪ್ರಶ್ನೆ ಕೇಳ್ರಿ. ಆಲಮಟ್ಟಿ 519.60 ಮೀಟರ್‌ಗೇ ನಿಂತದ. 524.256ಕ್ಕೆ ಏರಿಸಬಹುದು ಅಂತ ನ್ಯಾಯಮಂಡಳಿ ಹೇಳಿದ್ದು 2010ರಲ್ಲಿ. ಮುಳುಗೋ ಹೊಲದ ಪರಿಹಾರಕ್ಕ ನೀವೇನ್ ಮಾಡ್ತೀರಿ? ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂತು, ಬೆಳೆಗಾರನಿಗೆ ದರ ಯಾವಾಗ ಬರ್ತದ? ಸಿಂದಗಿ, ಮುದ್ದೇಬಿಹಾಳದ ಮಂದಿ ಗೋವಾಕ್ಕ, ಮಹಾರಾಷ್ಟ್ರಕ್ಕ ಗುಳೆ ಹೋಗೋದು ನಿಲ್ಲಿಸಾಕ ನಿಮ್ಮ ಹತ್ರ ಏನದ?

ಸೈನ್ಯದಾಗ ಮ್ಯಾಲಿನವರು ಆರ್ಡರ್ ಕೊಡ್ತಾರ, ಕೆಳಗಿನವರು ಪಾಲಿಸ್ತಾರ. ಪ್ರಜಾಪ್ರಭುತ್ವದಾಗ ಆರ್ಡರ್ ಕೊಡೋರು ನಾವು. ಆ ವ್ಯತ್ಯಾಸ ತಿಳಿದವರು ಬರಲಿ, ಅವರು ಕ್ಯಾಪ್ಟನ್ ಆಗಿರಲಿ, ಹವಾಲ್ದಾರ್ ಆಗಿರಲಿ, ಕಾಯಿಪಲ್ಲೆ ಮಾರೋ ಅಕ್ಕ ಆಗಿರಲಿ. ಉತ್ತರ ಕೊಟ್ಟವರಿಗೆ ಓಟು.

ನಿಮ್ಮ ಊರಿನ ಮೊದಲ ಪ್ರಶ್ನೆ ಯಾವುದು? ಕಮೆಂಟ್‌ನಾಗ ಬರೀರಿ.

#ಇಂಡಿ #ಸಿಂದಗಿ #ಮುದ್ದೇಬಿಹಾಳ #ಬಸವನಬಾಗೇವಾಡಿ #ಸೆಲ್ಯೂಟ್‌ಬೇರೆಓಟುಬೇರೆ