ಗೇಮ್ ಕನ್ನಡಕ: ಕುತ್ತಿಗೆಗೆ ಸುಖ, ಕಣ್ಣಿಗೆ?

ಕಳೆದ ತಿಂಗಳು ನನ್ನ ಬಳಿ ಬಂದ ಸಾಫ್ಟ್‌ವೇರ್ ತರುಣನೊಬ್ಬನ ದೂರು ತುಸು ವಿಚಿತ್ರವಾಗಿತ್ತು. ‘ಡಾಕ್ಟ್ರೇ, ಕುತ್ತಿಗೆ ನೋವು ಪೂರ್ತಿ ಹೋಯಿತು. ಆದರೆ ಕಣ್ಣುರಿ ಶುರುವಾಗಿದೆ’ ಎಂದ. ತಿಂಗಳಿಗೆರಡು ಬಾರಿ ಬೆಂಗಳೂರಿನಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವವನು. ದಾರಿಯುದ್ದಕ್ಕೂ ಕೈಯಲ್ಲಿ ಸ್ಟೀಮ್ ಡೆಕ್ ಎಂಬ ಗೇಮ್ ಯಂತ್ರ. ಈಚೆಗೆ ಅದಕ್ಕೆ ಜೋಡಿಸುವ ಎಆರ್ ಕನ್ನಡಕವನ್ನೂ ಕೊಂಡಿದ್ದ.

ನೋಡಲು ಇದು ದಪ್ಪನೆಯ ತಂಪು ಕನ್ನಡಕದಂತಿರುತ್ತದೆ. ತೂಕ ಸುಮಾರು 80 ಗ್ರಾಂ. ತಂತಿಯೊಂದನ್ನು ಯಂತ್ರಕ್ಕೆ ಸಿಕ್ಕಿಸಿದರೆ ಸಾಕು, ಕನ್ನಡಕದ ಮೇಲಂಚಿನಲ್ಲಿ ಅಡಗಿರುವ ಎರಡು ಪುಟ್ಟ ಪರದೆಗಳ ಚಿತ್ರ ದೊಡ್ಡದಾಗಿ ಎದುರಿಗೆ ತೇಲುತ್ತದೆ. ‘ವರ್ಧಿತ ವಾಸ್ತವ’ ಎಂದು ಹೆಸರೇನೋ ದೊಡ್ಡದು. ಆಟಕ್ಕೆ ಬಳಸುವಾಗ ಇದು ಮಾಡುವುದು ಟೀವಿಯ ಕೆಲಸವನ್ನೇ.

ಇದರಿಂದ ಲಾಭವಿಲ್ಲವೆಂದು ಹೇಳಿದರೆ ತಪ್ಪಾದೀತು. ನಮ್ಮ ತಲೆ ನೇರವಾಗಿದ್ದಾಗ ಕುತ್ತಿಗೆಯ ಮೇಲೆ ಬೀಳುವ ಭಾರ ಸುಮಾರು 5 ಕೆ.ಜಿ. ತಲೆಯನ್ನು 60 ಡಿಗ್ರಿ ಬಗ್ಗಿಸಿದರೆ ಅದು 27 ಕೆ.ಜಿ.ಯಷ್ಟಾಗುತ್ತದೆಂದು ಅಮೆರಿಕದ ಬೆನ್ನೆಲುಬು ಶಸ್ತ್ರತಜ್ಞ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಕನ್ನಡಕ ಹಾಕಿಕೊಂಡವನು ಬಗ್ಗಬೇಕಾಗಿಲ್ಲ, ಸೀಟಿಗೊರಗಿ ಆಡಬಹುದು.

ಕಣ್ಣಿಗೂ ಒಂದು ಅನುಕೂಲವಿದೆ. ಕೈಯಲ್ಲಿನ ಪರದೆ ಒಂದಡಿ ದೂರದಲ್ಲಿದ್ದಾಗ ಕಣ್ಣಿನೊಳಗಿನ ಪುಟ್ಟ ಸ್ನಾಯು ಸುಮಾರು 3 ಡಯಾಪ್ಟರ್‌ನಷ್ಟು ದುಡಿಯಬೇಕು. ಇಂಥ ಕನ್ನಡಕಗಳಲ್ಲಿ ಚಿತ್ರ ಸಾಮಾನ್ಯವಾಗಿ ಕೆಲವು ಮೀಟರ್ ಆಚೆ ಇರುವಂತೆ ಮಸೂರಗಳನ್ನು ಜೋಡಿಸಿರುತ್ತಾರೆ. 4 ಮೀಟರ್ ಎಂದಿಟ್ಟುಕೊಂಡರೆ ದುಡಿಮೆ ಕಾಲು ಡಯಾಪ್ಟರ್ ಮಾತ್ರ. ಚಾಳೀಸು ಬಂದ ನನ್ನಂಥವರಿಗೆ ಓದುವ ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ ಕಾಣುತ್ತದೆ! ಮೈನಸ್ ಪವರ್ ಇರುವವರದು ಇದಕ್ಕೆ ತದ್ವಿರುದ್ಧ. ಮೈನಸ್ 2 ಇರುವವನಿಗೆ ಕೈಯಲ್ಲಿನ ಪರದೆ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಿತ್ತು, ಇಲ್ಲಿ ಎಲ್ಲ ಮಸುಕು. ತನ್ನ ಪವರಿನ ಗಾಜನ್ನು ಒಳಗೆ ಕೂರಿಸಿಕೊಳ್ಳಲೇಬೇಕು. ಅದಕ್ಕೆ ಸೋಮಾರಿತನ ಮಾಡಿ ಕಣ್ಣು ಕಿರಿದಾಗಿಸಿಕೊಂಡು ಆಡಿದರೆ ತಲೆನೋವು ಬರುವುದು ಸಹಜ.

‘ಪರದೆ ದೂರವಾಯಿತಲ್ಲ, ಇನ್ನೇನು ಭಯ?’ ಎಂದು ನೀವು ಕೇಳಬಹುದು. ನನ್ನ ತಕರಾರು ಇರುವುದೇ ಇಲ್ಲಿ. ಸುಮಾರು 650 ಗ್ರಾಂ ತೂಗುವ ಯಂತ್ರವನ್ನು ಮುಖದ ಮುಂದೆ ಹಿಡಿದು ಆಡುವವನಿಗೆ ಮುಕ್ಕಾಲು ಗಂಟೆಯಲ್ಲಿ ಕೈ ಸೋಲುತ್ತದೆ, ಕುತ್ತಿಗೆ ಹಿಡಿಯುತ್ತದೆ. ಆ ನೋವು ಆಟವನ್ನು ನಿಲ್ಲಿಸುತ್ತಿತ್ತು. ಈಗ ಯಂತ್ರ ತೊಡೆಯ ಮೇಲೆ, ತಲೆ ದಿಂಬಿನ ಮೇಲೆ. ‘ಸಾಕು’ ಎನ್ನುವವರು ಯಾರೂ ಇಲ್ಲ. ನನ್ನ ಈ ತರುಣ ಒಮ್ಮೆಗೆ ಐದು ಗಂಟೆ ಆಡುತ್ತಿದ್ದನಂತೆ, ಅದೂ ಬಸ್ಸಿನ ಎ.ಸಿ. ಗಾಳಿಗೆ ಮುಖವೊಡ್ಡಿ. ಮಾಮೂಲಾಗಿ ನಿಮಿಷಕ್ಕೆ ಹದಿನೈದು ಸಲವಾದರೂ ಬಡಿಯುವ ರೆಪ್ಪೆ, ಪರದೆಯಲ್ಲಿ ಮೈಮರೆತಾಗ ಅದರ ಅರ್ಧಕ್ಕೂ ಇಳಿಯುತ್ತದೆ. ಕಣ್ಣೀರಿನ ತೆಳುಪೊರೆ ಆರಿ ಉರಿ ಹುಟ್ಟುತ್ತದೆ. ಪರದೆ ಒಂದಡಿ ದೂರವಿರಲಿ, ನಾಲ್ಕು ಮೀಟರ್ ದೂರವಿರಲಿ, ಈ ತೊಂದರೆ ತಪ್ಪುವುದಿಲ್ಲ.

1995ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ‘ವರ್ಚುಯಲ್ ಬಾಯ್’ ಎಂಬ, ಕಣ್ಣಿಟ್ಟು ನೋಡುವ ಗೇಮ್ ಯಂತ್ರ ಹೊರತಂದಿತ್ತು. ಅದು ಮಾರಾಟದಲ್ಲಿ ಸೋತಿತು. ಆದರೆ ಆಗಾಗ ಆಟವನ್ನು ತಾನಾಗಿ ತಡೆದು ವಿಶ್ರಾಂತಿ ನೆನಪಿಸುವ ಏರ್ಪಾಡು ಅದರ ಆಟಗಳಲ್ಲಿತ್ತು. ಅಷ್ಟು ಹಳೆಯ ಯಂತ್ರಕ್ಕಿದ್ದ ವಿವೇಕವನ್ನು ಈಗಿನವರು ಏಕೆ ಎರವಲು ತರಬಾರದು?

ಇನ್ನು ಮಕ್ಕಳು. ‘ಕಣ್ಣಿಗೆ ಹತ್ತಿರವಿರುವುದಿಲ್ಲ, ಒಳ್ಳೆಯದಲ್ಲವೇ?’ ಎಂದು ಕೇಳುವ ತಂದೆತಾಯಿಗಳಿದ್ದಾರೆ. ದಯವಿಟ್ಟು ಕೊಡಿಸಬೇಡಿ. ವಯಸ್ಕರ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್. ಕನ್ನಡಕ ತಯಾರಾಗುವುದು ಅವರ ಮುಖಕ್ಕೆ. ಮಕ್ಕಳಲ್ಲಿ ಈ ಅಂತರ ಕಡಿಮೆ. ಮಸೂರದ ನಡುಭಾಗ ಅವರ ಪಾಪೆಗೆ ನೇರವಾಗಿ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸಮೀಪದೃಷ್ಟಿ ಬಾರದಂತೆ ತಡೆಯಲು ಮಕ್ಕಳಿಗೆ ಬೇಕಾದುದು ದೂರದ ಪರದೆಯಲ್ಲ, ಹೊರಗಿನ ಬೆಳಕು. ತೈವಾನಿನಲ್ಲಿ 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ಜಾರಿಗೆ ಬಂತು. ವರ್ಷವರ್ಷವೂ ಏರುತ್ತಿದ್ದ ದೃಷ್ಟಿದೋಷದ ಪ್ರಮಾಣ ಆಮೇಲೆ ಇಳಿಮುಖವಾಯಿತು. ಅಂಗಳದ ಲಗೋರಿಗೆ ದುಡ್ಡೂ ಬೇಡ.

ದೊಡ್ಡವರು ಆಡುವುದಾದರೆ ಆಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕನ್ನಡಕ ತೆಗೆದು ಕಿಟಕಿಯಾಚೆ ನೋಡಿ, ನಾಲ್ಕಾರು ಸಲ ಪೂರ್ತಿಯಾಗಿ ರೆಪ್ಪೆ ಮುಚ್ಚಿ ತೆರೆಯಿರಿ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ; ಆಟದ ನಡುವೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ರಸ್ತೆಯಲ್ಲಿ ನಡೆಯುವಾಗ ಖಂಡಿತ ಬೇಡ. ವಸ್ತುಗಳು ಎರಡೆರಡಾಗಿ ಕಂಡರೆ ಅಥವಾ ತಲೆನೋವು ಬಿಡದಿದ್ದರೆ ನೇತ್ರತಜ್ಞರಿಗೆ ತೋರಿಸಿ.

ಆ ತರುಣನಿಗೆ ಘಾಟಿಯಲ್ಲಿ ವಾಂತಿ ಬರುವಂತಾಗುತ್ತಿತ್ತು. ಪರದೆ ತಲೆಯೊಂದಿಗೇ ತಿರುಗುವುದರಿಂದ ಕಣ್ಣಿಗೆ ಬಸ್ಸಿನ ತಿರುವು ತಿಳಿಯುವುದಿಲ್ಲ, ಒಳಕಿವಿಗೆ ತಿಳಿಯುತ್ತದೆ. ಇವೆರಡರ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಕಣ್ಣಿಗೆ ಹನಿ ಬರೆದುಕೊಟ್ಟು, ಸಕಲೇಶಪುರ ಬಂದೊಡನೆ ಕನ್ನಡಕವನ್ನು ಚೀಲಕ್ಕೆ ಹಾಕಿಬಿಡು ಎಂದು ಹೇಳಿ ಕಳಿಸಿದೆ.