ಅಂಬಾಸಿಡರಿಗೆ ಅಷ್ಟೊಂದು ಮೌನ ಬೇಕೆ?

ಅಪ್ಪನ ಅಂಬಾಸಿಡರಿನ ಮ್ಯಾಟ್ ಎತ್ತಿದಾಗ ಮೂಗಿಗೆ ಬಡಿದದ್ದು ಒದ್ದೆ ಗೋಣಿಚೀಲದ ವಾಸನೆ. ಕೆಳಗಿನ ಫೆಲ್ಟ್ ತೀರ್ಥಹಳ್ಳಿಯ ಎಷ್ಟು ಮಳೆಗಾಲ ಕುಡಿದಿತ್ತೋ, ಹಿಂಡಿದರೆ ನೀರು. ಅದರಡಿ ಡಾಂಬರು ಶೀಟು. ಅದರಡಿ, ಡ್ರೈವರ್ ಕಾಲಿಡುವಲ್ಲಿ, ನೇರವಾಗಿ ರಸ್ತೆ!

"ಇದರ ಮೇಲೇ ಹೊಸ ಶೀಟು ಅಂಟಿಸೋಣ ಸಾರ್, ಸದ್ದೇ ಬರಲ್ಲ" ಎಂದ ಗ್ಯಾರೇಜಿನವನು. ನನ್ನ ತಕರಾರು ಇಲ್ಲೇ. ತುಕ್ಕಿನ ಮೇಲೆ ಶೀಟು ಅಂಟಿಸುವುದೆಂದರೆ ಹುಣ್ಣಿಗೆ ಪೌಡರ್ ಬಳಿದ ಹಾಗೆ. ಹಳೆಯದು ಪೂರ್ತಿ ಏಳಬೇಕು. ಡ್ರೈ ಐಸ್ ಹರಡಿದರೆ ಮೈನಸ್ 78 ಡಿಗ್ರಿಯ ಚಳಿಗೆ ಡಾಂಬರು ಪೆಡಸಾಗಿ, ಸುತ್ತಿಗೆಯಲ್ಲಿ ತಟ್ಟಿದರೆ ಚಕ್ಕೆಚಕ್ಕೆಯಾಗಿ ಬರುತ್ತದೆ. (ಬಾಗಿಲು ತೆರೆದಿಡಿ, ಡ್ರೈ ಐಸಿನಿಂದ ಏಳುವುದು ಉಸಿರುಗಟ್ಟಿಸುವ ಅನಿಲ.) ಆಮೇಲೆ ವೆಲ್ಡಿಂಗ್, ಪ್ರೈಮರ್.

ಸದ್ದಡಗಿಸುವ ಹೊಸ ಬ್ಯೂಟೈಲ್ ಶೀಟನ್ನು ಇಡೀ ನೆಲಕ್ಕೆ ಹೊದಿಸಬೇಕಿಲ್ಲ. ಬೆರಳಲ್ಲಿ ತಟ್ಟಿ, ತಗಡಿನ ಡಬ್ಬದಂತೆ ಮೊಳಗುವ ಕಡೆ ಅಂಟಿಸಿದರೆ ಸಾಕು. ಮೇಲೆ ಫೆಲ್ಟ್ ಬೇಡ, ನೀರು ಹೀರದ ಫೋಮ್ ಇರಲಿ.

2014ರಲ್ಲಿ ತಯಾರಿಕೆಯೇ ನಿಂತ ಗಾಡಿಗೆ ಹೊಸ ಕಾರಿನ ಮೌನ ಯಾಕೆ? ನಮ್ಮದರಲ್ಲಿ ಆರ್‌ಪಿಎಂ ಮುಳ್ಳಿಲ್ಲ. ಎರಡನೇ ಗೇರಿನ ಗೊರಗೊರ ಕೇಳಿಸದಿದ್ದರೆ ಮೂರಕ್ಕೆ ಹಾಕುವ ಹೊತ್ತು ನನಗೆ ತಿಳಿಯುವುದೇ ಇಲ್ಲ.